ಟೈಪ್ 1 ಮಧುಮೇಹ ಮತ್ತು ನಿದ್ದೆ: ಶುಗರ್ ಡೈರಿಯಲ್ಲಿ ಇಲ್ಲದ ಕಾಲಂ

ದೇಹದಲ್ಲಿ ಇನ್ಸುಲಿನ್ ತಯಾರಾಗದ ಟೈಪ್ 1 ಮಧುಮೇಹ ಇರುವವರಿಗೆ ಆಸ್ಪತ್ರೆಯಲ್ಲಿ ಕೊಡುವ ಶುಗರ್ ಡೈರಿಯನ್ನು ನೋಡಿದವರಿಗೆ ಅದರ ಕಾಲಂಗಳು ಪರಿಚಿತ. ತಿಂಡಿಗೆ ಮೊದಲು, ತಿಂಡಿಯಾದ ಎರಡು ಗಂಟೆಗೆ, ಮಧ್ಯಾಹ್ನದ ಊಟಕ್ಕೆ ಮೊದಲು, ರಾತ್ರಿ ಊಟಕ್ಕೆ ಮೊದಲು, ಮಲಗುವ ಮುನ್ನ. ಪಕ್ಕದಲ್ಲಿ ಎಷ್ಟು ಯೂನಿಟ್ ಇನ್ಸುಲಿನ್, ಏನು ಊಟ, ಎಷ್ಟು ವ್ಯಾಯಾಮ. ಕೆಲವು ಡೈರಿಗಳಲ್ಲಿ ಬೆಳಗಿನ ಜಾವ ಮೂರು ಗಂಟೆಗೂ ಒಂದು ಕಾಲಂ ಇರುತ್ತದೆ, ಹೆಚ್ಚಿನವರ ಡೈರಿಯಲ್ಲಿ ಅದು ಖಾಲಿಯೇ ಉಳಿದಿರುತ್ತದೆ. ಆದರೆ ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟು ಸಲ ಎಚ್ಚರವಾಯಿತು, ಎದ್ದಾಗ ಮೈ ಹಗುರವಾಗಿತ್ತೇ ಭಾರವಾಗಿತ್ತೇ ಎಂದು ಬರೆಯುವ ಜಾಗವನ್ನು ನಾನು ಯಾವ ಡೈರಿಯಲ್ಲೂ ಕಂಡಿಲ್ಲ. ವೈದ್ಯರ ಕೋಣೆಯಲ್ಲೂ ಅನ್ನ ಎಷ್ಟು, ಮುದ್ದೆ ಎಷ್ಟು, ನಡಿಗೆ ಎಷ್ಟು ಎಂದು ಕೇಳುತ್ತಾರೆ. ನಿದ್ದೆ ಹೇಗಿದೆ ಎಂದು ಕೇಳುವವರು ವಿರಳ. ದಿನದ ಮೂರನೆಯ ಒಂದು ಭಾಗವನ್ನು ಲೆಕ್ಕದಿಂದ ಹೊರಗಿಟ್ಟು, ಉಳಿದ ಹೊತ್ತಿನ ಅಂಕಿಗಳು ಏಕೆ ಹಿಡಿತಕ್ಕೆ ಸಿಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಹೈಸ್ಕೂಲಿನ ದಿನಗಳಿಂದ ಈ ಕಾಯಿಲೆಯೊಂದಿಗೆ ಬದುಕುತ್ತಿರುವ ನನಗೆ ಈಗ ಖಚಿತವಾಗಿರುವುದು ಇಷ್ಟು: ನಿದ್ದೆಯನ್ನು ಇನ್ಸುಲಿನ್, ಊಟ, ವ್ಯಾಯಾಮಗಳ ಸಾಲಿನಲ್ಲೇ ಚಿಕಿತ್ಸೆಯ ಭಾಗವೆಂದು ಎಣಿಸಬೇಕು. ರೋಗಿಯ ನಿದ್ದೆಯನ್ನು ಮಾತ್ರವಲ್ಲ, ಅವರನ್ನು ನೋಡಿಕೊಳ್ಳುವವರ ನಿದ್ದೆಯನ್ನೂ.

ನಮ್ಮ ಮನೆಯಲ್ಲಿ ಈ ಕಾಯಿಲೆ ಕಾಣಿಸಿಕೊಂಡದ್ದೇ ನಿದ್ದೆ ಕೆಡಿಸಿಕೊಂಡು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಎದ್ದಾಗಲೆಲ್ಲ ತಂಬಿಗೆ ತುಂಬ ನೀರು ಕುಡಿಯುವುದು, ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುವುದು. ಸೆಕೆಗಾಲ, ಅದಕ್ಕೇ ಬಾಯಾರಿಕೆ ಎಂದು ಮನೆಯವರು ಭಾವಿಸಿದ್ದರು. ರಕ್ತದಲ್ಲಿ ಗ್ಲೂಕೋಸ್ ಪ್ರಮಾಣ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಗಳು ಅದನ್ನು ಹಿಡಿದಿಟ್ಟುಕೊಳ್ಳಲಾರದೆ ಮೂತ್ರಕ್ಕೆ ಬಿಡುತ್ತವೆ, ಆ ಸಕ್ಕರೆ ತನ್ನೊಡನೆ ನೀರನ್ನೂ ಎಳೆದೊಯ್ಯುತ್ತದೆ, ನೀರು ಹೋದಂತೆಲ್ಲ ಬಾಯಿ ಒಣಗುತ್ತದೆ. ಈ ಸಂಗತಿಯನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ, ಇಲ್ಲಿಯೂ ಹೇಳುತ್ತೇನೆ: ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ವರ್ಷಗಳಾದ ಮಗು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೆ ಗದರಬೇಡಿ, ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಅದೇ ದಿನ ಗ್ಲುಕೋಮೀಟರಿನಲ್ಲಿ ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿ. ವಾಂತಿ, ಏದುಸಿರು, ಮಂಪರು ಶುರುವಾಗುವವರೆಗೆ ಕಾದರೆ ಅದು ಡಯಾಬಿಟಿಕ್ ಕೀಟೋಅಸಿಡೋಸಿಸ್ ಹಂತ, ಎಂದರೆ ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಉರಿಸಿ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಂಡ ಸ್ಥಿತಿ, ಮಗುವನ್ನು ನೇರವಾಗಿ ಐಸಿಯುಗೆ ಸೇರಿಸಬೇಕಾಗಬಹುದು.

ಮಲಗಿದ ಮೇಲೆ ದೇಹ ಸುಮ್ಮನಿರುತ್ತದೆ, ಊಟವಿಲ್ಲ, ಓಡಾಟವಿಲ್ಲ, ಆದ್ದರಿಂದ ಶುಗರ್ ಕೂಡ ಇದ್ದಲ್ಲೇ ಇರಬೇಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ರಾತ್ರಿಯಿಡೀ ಯಕೃತ್ತು ತನ್ನಲ್ಲಿ ಕೂಡಿಟ್ಟ ಗ್ಲೂಕೋಸನ್ನು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತಿರುತ್ತದೆ, ಏಕೆಂದರೆ ಮೆದುಳಿಗೆ ನಿದ್ದೆಯಲ್ಲೂ ಅದು ಬೇಕು. ಕಾಯಿಲೆ ಇಲ್ಲದವರ ಮೇದೋಜೀರಕ ಗ್ರಂಥಿ ಈ ಬಿಡುಗಡೆಗೆ ತಕ್ಕಂತೆ ಇನ್ಸುಲಿನನ್ನು ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆ ಮಾಡುತ್ತದೆ. ಶುಗರ್ ಇಳಿಯತೊಡಗಿದರೆ ಸ್ರವಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿಯೇ ಬಿಡುತ್ತದೆ. ನಮ್ಮಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡಿರುತ್ತದೆ. ಆದ್ದರಿಂದ ಮಲಗುವ ಮುನ್ನ ಚುಚ್ಚಿಕೊಂಡದ್ದೇ ನಮಗೆ ಬೆಳಗಿನವರೆಗಿನ ಆಧಾರ, ಮತ್ತು ಹೀಗೆ ಚುಚ್ಚಿಕೊಂಡ ಇನ್ಸುಲಿನನ್ನು, ನಾಲೆಗೆ ಬಿಟ್ಟ ನೀರಿನಂತೆ, ಹಿಂದಕ್ಕೆ ಕರೆಯಲಾಗದು. ಹಗಲಿನಲ್ಲಾದರೆ ಮೈ ನಡುಗಿದರೆ ಏನಾದರೂ ತಿನ್ನುತ್ತೇವೆ, ಬಾಯಿ ಒಣಗಿದರೆ ಪರೀಕ್ಷೆ ಮಾಡಿಕೊಳ್ಳುತ್ತೇವೆ; ರಾತ್ರಿ ನಿರ್ಧಾರ ತೆಗೆದುಕೊಳ್ಳಬೇಕಾದವರೇ ಮಲಗಿರುತ್ತಾರೆ.

ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನ್ ಅಲೆಅಲೆಯಾಗಿ ಹೊರಬರುತ್ತದೆ, ಬೆಳಗಿನ ಜಾವಕ್ಕೆ ಕಾರ್ಟಿಸಾಲ್ ಏರುತ್ತದೆ. ಇವೆರಡೂ ಇನ್ಸುಲಿನಿನ ಕೆಲಸಕ್ಕೆ ಅಡ್ಡ ಬರುವ ಹಾರ್ಮೋನುಗಳು. ಪರಿಣಾಮವಾಗಿ ಮೂರು ನಾಲ್ಕು ಗಂಟೆಯಿಂದ ಬೆಳಗಾಗುವವರೆಗೆ, ಏನೂ ತಿನ್ನದಿದ್ದರೂ ಶುಗರ್ ಏರುತ್ತಾ ಹೋಗುತ್ತದೆ. ವೈದ್ಯರು ಇದನ್ನು ಡಾನ್ ಫಿನಾಮಿನನ್ ಎನ್ನುತ್ತಾರೆ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಇದು ಇನ್ನೂ ಜೋರು, ಅವರಲ್ಲಿ ಬೆಳವಣಿಗೆಯ ಹಾರ್ಮೋನೇ ಹೆಚ್ಚು. ಹತ್ತನೆಯ ತರಗತಿಯ ಹುಡುಗನೊಬ್ಬ ರಾತ್ರಿ 120 ಇಟ್ಟುಕೊಂಡು ಮಲಗಿ ಬೆಳಿಗ್ಗೆ 230ರಲ್ಲಿ ಎದ್ದರೆ, ಕದ್ದು ಏನೋ ತಿಂದಿದ್ದಾನೆ ಎಂದು ಮನೆಯವರು ಅನುಮಾನಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗನ ಮುಖದಲ್ಲಿದ್ದ ಅವಮಾನವನ್ನು ಕಂಡು ನನಗೆ ತುಂಬ ನೋವಾಯಿತು. ಅವನು ಏನೂ ತಿಂದಿರಲಿಲ್ಲ, ಅವನ ದೇಹ ಬೆಳೆಯುತ್ತಿತ್ತು, ಅಷ್ಟೆ.

ಬೆಳಗಿನ ಶುಗರ್ ಹೆಚ್ಚಿರುವುದಕ್ಕೆ ಹಿಂದೆ ಇನ್ನೊಂದು ವಿವರಣೆಯನ್ನು ಬಹಳ ನೆಚ್ಚಿಕೊಂಡಿದ್ದರು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ಮೈಕೆಲ್ ಸೊಮೋಜಿ ಎಂಬ ರಸಾಯನ ವಿಜ್ಞಾನಿ 1930ರ ದಶಕದಲ್ಲಿ ಮುಂದಿಟ್ಟ ವಾದ ಅದು: ರಾತ್ರಿ ಶುಗರ್ ತೀರಾ ಇಳಿದು, ದೇಹ ಅದಕ್ಕೆ ಪ್ರತಿಯಾಗಿ ಯಕೃತ್ತಿನಿಂದ ಗ್ಲೂಕೋಸ್ ಸುರಿಸಿ, ಬೆಳಿಗ್ಗೆ ಹೆಚ್ಚಾಗಿ ಕಾಣಿಸುತ್ತದೆ ಎಂದು. ಈಗ ರಾತ್ರಿಯಿಡೀ ಅಳೆಯುವ ಸೆನ್ಸರ್‌ಗಳು ಬಂದ ಮೇಲೆ ಹಾಗಾಗುವುದು ಅಷ್ಟು ಸಾಮಾನ್ಯವಲ್ಲವೆಂದು ಗೊತ್ತಾಗಿದೆ. ರಾತ್ರಿ ಶುಗರ್ ಇಳಿದವರಲ್ಲಿ ಬೆಳಗಿನ ಅಂಕಿಯೂ ಹೆಚ್ಚಾಗಿ ಕಡಿಮೆಯೇ ಇರುತ್ತದೆ. ಆದರೂ ಬೆಳಗಿನ ಒಂದೇ ಅಂಕಿಯನ್ನು ನೋಡಿ ರಾತ್ರಿಯ ಇನ್ಸುಲಿನ್ ಹೆಚ್ಚಿಸುವುದು ಅಪಾಯವೇ. ಮಲಗುವಾಗ, ಮೂರು ಗಂಟೆಗೆ, ಎದ್ದಾಗ ಹೀಗೆ ಮೂರು ಅಂಕಿಗಳನ್ನು ಒಂದೆರಡು ದಿನ ಬರೆದು ವೈದ್ಯರಿಗೆ ತೋರಿಸಿದರೆ, ಅವರು ಇನ್ಸುಲಿನ್ ಹೆಚ್ಚಿಸಬೇಕೋ, ಕೊಡುವ ಹೊತ್ತನ್ನು ಬದಲಿಸಬೇಕೋ, ರಾತ್ರಿಯೂಟವನ್ನು ಬೇಗ ಮಾಡಿಸಬೇಕೋ ಎಂದು ಹೇಳಬಲ್ಲರು. ನಮ್ಮ ಮನೆಗಳಲ್ಲಿ ಒಂಬತ್ತೂವರೆ ಹತ್ತಕ್ಕೆ ಊಟ ಮಾಡಿ ಹತ್ತೂವರೆಗೆ ಮಲಗುವ ರೂಢಿಯಿದೆ. ಊಟಕ್ಕೆ ತೆಗೆದುಕೊಂಡ ಇನ್ಸುಲಿನ್ ಇನ್ನೂ ಪೂರ್ತಿ ಕೆಲಸ ಮುಗಿಸಿರುವುದಿಲ್ಲವಾದ್ದರಿಂದ, ಆಗ ಮಲಗುವ ಮುನ್ನ ನೋಡಿದ ಶುಗರ್ ಏನನ್ನೂ ಹೇಳುವುದಿಲ್ಲ. ಊಟವನ್ನು ಎಂಟರ ಸುಮಾರಿಗೆ ತಂದದ್ದು ನನ್ನ ರಾತ್ರಿಗಳಲ್ಲಿ ಯಾವ ದುಬಾರಿ ಸಾಧನಕ್ಕಿಂತಲೂ ಹೆಚ್ಚು ಬದಲಾವಣೆ ತಂದಿತು.

ರಾತ್ರಿ ಶುಗರ್ ಏರುವುದಕ್ಕಿಂತ ಇಳಿಯುವುದರ ಬಗ್ಗೆಯೇ ನಾನು ಹೆಚ್ಚು ಹೇಳಬೇಕು. 70ಕ್ಕಿಂತ ಕೆಳಗೆ ಬಂದರೆ ಲೋ ಎನ್ನುತ್ತೇವೆ, 54ಕ್ಕಿಂತ ಕೆಳಗಿಳಿದರೆ ಅದು ಗಂಭೀರ. ಹಗಲಿನಲ್ಲಿ ಶುಗರ್ ಇಳಿದಾಗ ಅಡ್ರಿನಲಿನ್ ಏರಿ ಕೈ ನಡುಕ, ಎದೆಬಡಿತ, ಬೆವರು, ತಡೆಯಲಾಗದ ಹಸಿವು ಕಾಣಿಸುತ್ತವೆ. ನಮ್ಮನ್ನು ಎಚ್ಚರಿಸುವುದು ಈ ಲಕ್ಷಣಗಳೇ. 1998ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟೈಪ್ 1 ಇರುವ ಹದಿಹರೆಯದವರ ಶುಗರನ್ನು ಹಗಲು ಎಚ್ಚರವಿದ್ದಾಗ, ರಾತ್ರಿ ಎಚ್ಚರವಿದ್ದಾಗ, ರಾತ್ರಿ ನಿದ್ದೆಯಲ್ಲಿದ್ದಾಗ ಹೀಗೆ ಮೂರು ಬಗೆಯಲ್ಲಿ ಇಳಿಸಿ ನೋಡಿದರು. ರಾತ್ರಿಯಾದರೂ ಎಚ್ಚರವಿದ್ದವರಲ್ಲಿ ಅಡ್ರಿನಲಿನ್ ಏರಿತು, ನಿದ್ದೆಯಲ್ಲಿದ್ದಾಗ ಮಾತ್ರ ಅದು ಸರಿಯಾಗಿ ಏರಲಿಲ್ಲ. ಎಂದರೆ ಕಾವಲಿನವನನ್ನು ಮಲಗಿಸುವುದು ಕತ್ತಲೆಯಲ್ಲ, ನಿದ್ದೆಯೇ. ಇದಕ್ಕೂ ಮೊದಲು, 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ಮಂದಿಯ ಮೇಲೆ ನಡೆದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನದಲ್ಲೂ, ಇನ್ನೊಬ್ಬರ ನೆರವು ಬೇಕಾಗುವಷ್ಟು ತೀವ್ರವಾದ ಲೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿದ್ದೆಯಲ್ಲಿದ್ದಾಗಲೇ ಆಗಿದ್ದವು. ಶುಗರನ್ನು ಬಿಗಿಯಾಗಿ ಹಿಡಿತದಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳು ಉಳಿಯುತ್ತವೆ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ಇದೇ ಅಧ್ಯಯನ. ಆ ಬಿಗಿ ಹಿಡಿತದ ಗುಂಪಿನಲ್ಲಿ ತೀವ್ರ ಲೋಗಳು ಮೂರು ಪಟ್ಟು ಹೆಚ್ಚಿದ್ದವು ಎಂಬುದನ್ನೂ ಅದೇ ತೋರಿಸಿತು.

ನಿದ್ದೆಯಲ್ಲಿ ಲೋ ಆದದ್ದು ಹೇಗೆ ಗೊತ್ತಾಗುತ್ತದೆ? ಕೆಲವೊಮ್ಮೆ ದಿಂಬು ಒದ್ದೆಯಾಗುವಷ್ಟು ಬೆವರಿ ಎಚ್ಚರವಾಗುತ್ತದೆ. ಕೆಟ್ಟ ಕನಸು ಬೀಳುತ್ತದೆ, ಮಕ್ಕಳು ಅಳುತ್ತಾ ಕನವರಿಸುತ್ತಾರೆ. ಎಷ್ಟೋ ಸಲ ಎಚ್ಚರವೇ ಆಗದೆ, ಬೆಳಿಗ್ಗೆ ತಲೆನೋವು ಮತ್ತು ವಿವರಿಸಲಾಗದ ಆಯಾಸವಷ್ಟೇ ಉಳಿದಿರುತ್ತದೆ. ಎಂಟು ಗಂಟೆ ಮಲಗಿಯೂ ಸುಸ್ತು ಎನ್ನುವ ಟೈಪ್ 1 ಮಗುವನ್ನು ಸೋಮಾರಿ ಎನ್ನುವ ಮೊದಲು ಅದರ ಮೂರು ಗಂಟೆಯ ಶುಗರ್ ನೋಡಬೇಕು. ಲೋ ಆದಾಗ ಮಾಡಬೇಕಾದದ್ದು ಎಲ್ಲರಿಗೂ ಹೇಳಿಕೊಟ್ಟಿರುವುದೇ: ಎದ್ದು ಕುಳಿತು ಸುಮಾರು 15 ಗ್ರಾಂನಷ್ಟು, ಎಂದರೆ ಮೂರು ಟೀ ಚಮಚದಷ್ಟು ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನ ಮಾಡುತ್ತದೆ. ಆದರೆ ಕೇಳಲು ಸುಲಭವಾದ ಈ ಕೆಲಸ ರಾತ್ರಿ ಎರಡು ಗಂಟೆಗೆ ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಮೆದುಳಿಗೆ ಗ್ಲೂಕೋಸ್ ಸಾಲದ ಹೊತ್ತಿನಲ್ಲಿ ಮೆದುಳಿನಿಂದಲೇ ಲೆಕ್ಕ ಮಾಡಿಸಬೇಕು. ಅಡುಗೆಮನೆಯವರೆಗೆ ನಡೆಯುವುದೇ ದೂರವೆನಿಸುತ್ತದೆ, ಡಬ್ಬಿಯ ಮುಚ್ಚಳ ತೆಗೆಯಲು ಕೈ ಬರುವುದಿಲ್ಲ, ಹಸಿವಿನ ಭರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತಿಂದು ಬೆಳಿಗ್ಗೆ 300 ನೋಡಬೇಕಾಗುತ್ತದೆ. ಆದ್ದರಿಂದ ಅಳೆದಿಟ್ಟ ಗ್ಲೂಕೋಸ್, ನೀರಿನ ಬಾಟಲಿ, ಮೀಟರ್, ಚಿಕ್ಕ ಟಾರ್ಚ್ ಇಷ್ಟು ಕೈಗೆಟುಕುವಲ್ಲಿ ಇರಲೇಬೇಕು, ಕರೆಂಟ್ ಹೋದ ರಾತ್ರಿಯಲ್ಲೂ ಸಿಗುವಂತೆ.

ಯಾವ ಇನ್ಸುಲಿನ್ ಎಂಬುದೂ ನಿದ್ದೆಗೆ ಸಂಬಂಧಿಸಿದ ಪ್ರಶ್ನೆಯೇ. ಹಾಲಿನಂತೆ ಮಬ್ಬಾಗಿ ಕಾಣುವ, ಮಧ್ಯಮ ಅವಧಿಯ ಎನ್‌ಪಿಎಚ್ ಇನ್ಸುಲಿನ್ ಮತ್ತು ಅದನ್ನು ಬೆರೆಸಿದ 30/70 ಮಿಶ್ರಣಗಳು ನಮ್ಮಲ್ಲಿ ಈಗಲೂ ವ್ಯಾಪಕವಾಗಿ ಬಳಕೆಯಲ್ಲಿವೆ, ಅವು ಅಗ್ಗ. ರಾತ್ರಿ ಊಟಕ್ಕೆ ಮೊದಲು ತೆಗೆದುಕೊಂಡ ಎನ್‌ಪಿಎಚ್ ತನ್ನ ಪೂರ್ಣ ಬಲಕ್ಕೆ ಬರುವುದು ನಡುರಾತ್ರಿಯ ನಂತರ, ಸರಿಯಾಗಿ ದೇಹಕ್ಕೆ ಇನ್ಸುಲಿನ್ ಕಡಿಮೆ ಸಾಕಾಗುವ ಹೊತ್ತಿನಲ್ಲಿ. ಬೆಳಗಿನ ಜಾವ ಹೆಚ್ಚು ಬೇಕಾದಾಗ ಅದರ ಬಲ ಕುಂದಿರುತ್ತದೆ. ಗ್ಲಾರ್ಜಿನ್, ಡೆಗ್ಲುಡೆಕ್‌ನಂಥ ದೀರ್ಘಾವಧಿಯ ಇನ್ಸುಲಿನ್‌ಗಳು ಹೆಚ್ಚುಕಡಿಮೆ ಸಮನಾಗಿ ಕೆಲಸ ಮಾಡುವುದರಿಂದ ರಾತ್ರಿಯ ಲೋಗಳು ಕಡಿಮೆಯಾಗುತ್ತವೆ. ಎಲ್ಲರಿಗೂ ಅವುಗಳ ಬೆಲೆ ಎಟುಕುವುದಿಲ್ಲ. ಎಟುಕದವರು ಎನ್‌ಪಿಎಚ್ಚನ್ನು ಊಟದ ಹೊತ್ತಿನಿಂದ ಮಲಗುವ ಹೊತ್ತಿಗೆ ಸರಿಸಬಹುದೇ ಎಂದಾದರೂ ವೈದ್ಯರನ್ನು ಕೇಳಬೇಕು. ಇನ್ನೊಂದು ಮಾತು: ನಿದ್ದೆಗಣ್ಣಿನಲ್ಲಿ ದೀರ್ಘಾವಧಿಯ ಇನ್ಸುಲಿನ್ ಪೆನ್ನಿನ ಬದಲು ಊಟದ ಇನ್ಸುಲಿನ್ ಪೆನ್ನನ್ನು ಚುಚ್ಚಿಕೊಳ್ಳುವ ಅದಲುಬದಲು ಅಪರೂಪವೇನಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬಾರದು, ದೀಪ ಹಾಕದೆ ಚುಚ್ಚಿಕೊಳ್ಳಬಾರದು.

ಸಂಜೆಯ ಆಟ ರಾತ್ರಿಯ ಶುಗರನ್ನು ಇಳಿಸುತ್ತದೆ ಎಂಬುದನ್ನು ಆಡುವ ಮಕ್ಕಳ ತಂದೆತಾಯಿ ತಿಳಿದಿರಬೇಕು. ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಜೆ ನಾಲ್ಕಕ್ಕೆ ಮುಕ್ಕಾಲು ಗಂಟೆ ವ್ಯಾಯಾಮ ಮಾಡಿದ ಹದಿಹರೆಯದವರಿಗೆ ಶುಗರ್ ಇಳಿಯದಂತೆ ನೋಡಿಕೊಳ್ಳಲು ಎರಡು ಹೊತ್ತಿನಲ್ಲಿ ಹೆಚ್ಚು ಗ್ಲೂಕೋಸ್ ಬೇಕಾಯಿತು: ಒಂದು, ವ್ಯಾಯಾಮದ ವೇಳೆಗೆ ಮತ್ತು ಅದರ ಬೆನ್ನಿಗೇ, ಇನ್ನೊಂದು, ನಡುರಾತ್ರಿಯಿಂದ ಬೆಳಗಿನ ನಾಲ್ಕರವರೆಗೆ. ಸ್ನಾಯುಗಳು ಖಾಲಿಯಾದ ತಮ್ಮ ಸಂಗ್ರಹವನ್ನು ತುಂಬಿಕೊಳ್ಳಲು ರಕ್ತದ ಗ್ಲೂಕೋಸನ್ನು ತಡವಾಗಿಯೂ ಎಳೆದುಕೊಳ್ಳುತ್ತವೆ. ಶಾಲೆಯ ಕಬಡ್ಡಿ ಪಂದ್ಯದ ದಿನ ಆಟದ ಮುಂಚೆ ಬಾಳೆಹಣ್ಣು ಕೊಟ್ಟು ಎಲ್ಲ ಸರಿಯಾಯಿತೆಂದು ನೆಮ್ಮದಿಯಾಗಿ ಮಲಗುವ ಮನೆಗಳಲ್ಲಿ ಅಪಾಯ ಕಾದಿರುವುದು ನಡುರಾತ್ರಿಯ ಮೇಲೆ. ಆಟ ಬಿಡಿಸುವುದು ಇದಕ್ಕೆ ಪರಿಹಾರವಲ್ಲ, ಆ ಒಂದು ರಾತ್ರಿ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕೆಂದು ಮೊದಲೇ ವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು ಪರಿಹಾರ. ಮದ್ಯ ಕುಡಿಯುವ ವಯಸ್ಕರಿಗೂ ಇಂಥದ್ದೇ ತಡವಾದ ಅಪಾಯವಿದೆ, ಯಕೃತ್ತು ಮದ್ಯವನ್ನು ಕರಗಿಸುವ ಕೆಲಸದಲ್ಲಿರುವಾಗ ಹೊಸ ಗ್ಲೂಕೋಸ್ ತಯಾರಿಸಲಾರದು.

ಇಷ್ಟೆಲ್ಲ ತಿಳಿದ ಮೇಲೆ ಭಯ ಹುಟ್ಟುವುದು ಸಹಜ. 1991ರಲ್ಲಿ ಬ್ರಿಟನ್ನಿನ ಟ್ಯಾಟರ್ಸಲ್ ಮತ್ತು ಗಿಲ್ ಎಂಬ ವೈದ್ಯರು, ರಾತ್ರಿ ಆರೋಗ್ಯವಾಗಿ ಮಲಗಿ ಬೆಳಿಗ್ಗೆ ಹಾಸಿಗೆಯಲ್ಲೇ ತೀರಿಕೊಂಡಿದ್ದ ಟೈಪ್ 1 ಇರುವ ಯುವಜನರ ಬಗ್ಗೆ ಬರೆದರು. ಶುಗರ್ ಇಳಿದಾಗ ಹೃದಯದ ಲಯ ತಪ್ಪುವುದು ಇದರ ಹಿಂದಿರಬಹುದೆಂದು ಭಾವಿಸಲಾಗಿದೆ. ಇದು ಬಹಳ ಅಪರೂಪ, ಆದರೂ ಒಮ್ಮೆ ಕೇಳಿದ ತಾಯಿ ಅದನ್ನು ಮರೆಯಲಾರಳು. ಈ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಮಲಗುವ ಮುನ್ನ ಶುಗರ್ 200ರ ಮೇಲೆ ಇರಲೆಂದು ಬೇಕೆಂದೇ ಹಾಲು, ಬಿಸ್ಕತ್ತು ಕೊಟ್ಟು ಮಲಗಿಸುತ್ತಾರೆ, ಇನ್ಸುಲಿನ್ ಎರಡು ಯೂನಿಟ್ ಕಡಿಮೆ ಮಾಡುತ್ತಾರೆ. ಅವರನ್ನು ನಾನು ದೂರಲಾರೆ. ಆದರೆ ಅದರ ಬೆಲೆಯನ್ನು ಹೇಳದೆಯೂ ಇರಲಾರೆ. ಪ್ರತಿ ರಾತ್ರಿ ಎಂಟು ಗಂಟೆ ಶುಗರ್ 220ರಲ್ಲಿದ್ದರೆ ಹಗಲೆಲ್ಲ ಎಷ್ಟು ಕಟ್ಟುನಿಟ್ಟಾಗಿದ್ದರೂ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಇಳಿಯುವುದಿಲ್ಲ. 180 ದಾಟಿದ್ದರಿಂದ ಮಗು ಮೂತ್ರಕ್ಕೆ ಏಳುತ್ತದೆ, ನೀರಿಗೆ ಏಳುತ್ತದೆ, ನಿದ್ದೆ ತುಂಡುತುಂಡಾಗುತ್ತದೆ. ಲೋ ತಪ್ಪಿಸಲು ಹೋಗಿ ಉಳಿಸಬೇಕೆಂದಿದ್ದ ನಿದ್ದೆಯೇ ಕೈತಪ್ಪುತ್ತದೆ.

ಹಾಗೆ ತುಂಡಾದ ನಿದ್ದೆ ಮರುದಿನದ ಶುಗರಿಗೆ ಏನು ಮಾಡುತ್ತದೆ ಎಂಬುದು ಹೆಚ್ಚಿನವರು ಗಮನಿಸದ ಭಾಗ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟೈಪ್ 1 ಇರುವ 7 ಮಂದಿಯನ್ನು ಒಂದು ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟು ಮರುದಿನ ಅಳೆದಾಗ, ಅವರ ದೇಹ ಇನ್ಸುಲಿನಿಗೆ ಸ್ಪಂದಿಸುವ ಶಕ್ತಿ ಕುಗ್ಗಿತ್ತು. ಒಂದೇ ರಾತ್ರಿಯಲ್ಲಿ! ಏಳು ಜನರ ಚಿಕ್ಕ ಅಧ್ಯಯನ ನಿಜ, ಆದರೆ ನನ್ನ ಡೈರಿಯ ಅಂಚಿನಲ್ಲಿ ನಾನೇ ಗೆರೆ ಎಳೆದು ಬರೆಯತೊಡಗಿದ ನಿದ್ದೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ಚೆನ್ನಾಗಿ ಮಲಗಿದ ಮರುದಿನ ಎರಡು ಇಡ್ಲಿಗೆ ಸಾಕಾಗುವ ಇನ್ಸುಲಿನ್, ನಿದ್ದೆಗೆಟ್ಟ ಮರುದಿನ ಅದೇ ಎರಡು ಇಡ್ಲಿಗೆ ಸಾಲುವುದಿಲ್ಲ. ಜೊತೆಗೆ ನಿದ್ದೆ ಕಡಿಮೆಯಾದಾಗ ಹಸಿವು ಹೆಚ್ಚುತ್ತದೆ, ಕಾಫಿ ಹೆಚ್ಚುತ್ತದೆ, ತಟ್ಟೆಯಲ್ಲಿರುವ ಅನ್ನದಲ್ಲಿ ಎಷ್ಟು ಕಾರ್ಬೋಹೈಡ್ರೇಟ್ ಇದೆಯೆಂದು ಅಂದಾಜಿಸುವ ತಾಳ್ಮೆ ಕುಗ್ಗುತ್ತದೆ. ಟೈಪ್ 1 ಇರುವವರು ದಿನಕ್ಕೆ ಹತ್ತಾರು ಸಣ್ಣ ನಿರ್ಧಾರಗಳನ್ನು ಸರಿಯಾಗಿ ತೆಗೆದುಕೊಳ್ಳಬೇಕು, ಅವನ್ನೆಲ್ಲ ದಣಿದ ತಲೆಯಿಂದ ತೆಗೆದುಕೊಳ್ಳುವುದು ಸುಲಭವಲ್ಲ. ನನ್ನ ಪಾಲಿಗೆ ಗಂಟೆಗಳ ಎಣಿಕೆಯಷ್ಟೇ ಮುಖ್ಯವಾದದ್ದು ಹೊತ್ತಿನ ನಿಯಮ. ವಾರವಿಡೀ ಹತ್ತೂವರೆಗೆ ಮಲಗಿ ಭಾನುವಾರ ಮಾತ್ರ ಹತ್ತು ಗಂಟೆಯವರೆಗೆ ಏಳದಿದ್ದರೆ, ಆ ಬೆಳಗಿನ ಏರಿಕೆಯ ಮೇಲೆ ತಡವಾದ ಇನ್ಸುಲಿನ್ ಸೇರಿ ಸೋಮವಾರದವರೆಗೂ ಶುಗರ್ ಹಳಿಗೆ ಬರುವುದಿಲ್ಲ.

ನಮ್ಮ ಸಮಾಜದಲ್ಲಿ ನಿದ್ದೆಗೆಡುವ ಸಂದರ್ಭಗಳು ಕಡಿಮೆಯಿಲ್ಲ, ಅವುಗಳಿಂದ ಟೈಪ್ 1 ಇರುವವರನ್ನು ದೂರವಿಡಬೇಕೆಂದು ನಾನು ಹೇಳುವುದಿಲ್ಲ. ನಾನು ಮಲೆನಾಡಿನವಳು, ಬೆಳಗಿನವರೆಗೆ ಯಕ್ಷಗಾನದ ಆಟ ನೋಡುತ್ತಾ ಬೆಳೆದವಳು. ಆದರೆ ಶಿವರಾತ್ರಿಯ ಜಾಗರಣೆಯಲ್ಲಿ ಉಪವಾಸವೂ ಸೇರಿರುವುದರಿಂದ ಅದರ ಬಗ್ಗೆ ಎಚ್ಚರ ಬೇಕು. ಏನೂ ತಿನ್ನದ ದಿನ ಇನ್ಸುಲಿನ್ ಯಾಕೆ ಎಂದು ಹಿರಿಯರು ಕೇಳುತ್ತಾರೆ. ಊಟದ ಇನ್ಸುಲಿನ್ ಬೇಡವಾಗಬಹುದು, ದೀರ್ಘಾವಧಿಯ ಇನ್ಸುಲಿನನ್ನು ಮಾತ್ರ ಟೈಪ್ 1 ಇರುವವರು ಯಾವ ಕಾರಣಕ್ಕೂ ಪೂರ್ತಿ ಬಿಡಬಾರದು. ಬಿಟ್ಟರೆ ಒಂದೇ ದಿನದಲ್ಲಿ ಕೀಟೋನ್ ಏರಬಹುದು. ಮದುವೆಮನೆಯ ಆರತಕ್ಷತೆಯ ಊಟದ ಕಥೆ ಬೇರೆ. ತುಪ್ಪ ಹಾಕಿದ ಹೋಳಿಗೆ, ಕರಿದ ತಿನಿಸುಗಳ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ, ಮಲಗುವಾಗ 130 ಇದ್ದದ್ದು ಎರಡು ಗಂಟೆಗೆ 280 ಆಗಿರುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ ನನ್ನಂಥ ಯುವಕ ಯುವತಿಯರ ಕಷ್ಟ ಇವೆಲ್ಲಕ್ಕಿಂತ ದೊಡ್ಡದು. ಹಬ್ಬ ಮದುವೆಗಳು ಒಂದು ದಿನದ ಮಾತು, ಪಾಳಿ ವಾರವಾರಕ್ಕೂ ಬದಲಾಗುತ್ತಿದ್ದರೆ ದೇಹದ ಗಡಿಯಾರಕ್ಕೆ ಹೊಂದಿಕೊಳ್ಳಲು ಬಿಡುವೇ ಸಿಗದು. ಒಂದೇ ಪಾಳಿಯಲ್ಲಿ ಮುಂದುವರಿಸಿ ಎಂದು ವೈದ್ಯರ ಪತ್ರದೊಂದಿಗೆ ಕಂಪನಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ, ಅದು ಕನ್ನಡಕ ಕೇಳುವಷ್ಟೇ ನ್ಯಾಯವಾದ ಬೇಡಿಕೆ.

ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್‌ಗಳು ಬಂದ ಮೇಲೆ ರಾತ್ರಿಗಳು ಬದಲಾಗಿವೆ. ಚರ್ಮದಡಿಯ ದ್ರವದಲ್ಲಿ ಗ್ಲೂಕೋಸ್ ಅಳೆದು ಕೆಲವು ನಿಮಿಷಗಳಿಗೊಮ್ಮೆ ಮೊಬೈಲಿಗೆ ಕಳಿಸುವ ಇವು, ಮಿತಿಗಿಂತ ಕೆಳಗಿಳಿದರೆ ಅಲಾರಂ ಕೊಡುತ್ತವೆ. ಆದರೆ ಸೆನ್ಸರ್ ಇರುವ ತೋಳಿನ ಮೇಲೆಯೇ ಒರಗಿ ಮಲಗಿದರೆ ಒತ್ತಡದಿಂದ ಇಲ್ಲದ ಲೋ ತೋರಿಸಿ ಎಬ್ಬಿಸುತ್ತವೆ. ಅಂಥ ಹೊತ್ತಿನಲ್ಲಿ ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ಖಚಿತಪಡಿಸಿಕೊಂಡೇ ಗ್ಲೂಕೋಸ್ ಕುಡಿಯಬೇಕು. ಏರಿಕೆಯ ಅಲಾರಂ ಮಿತಿಯನ್ನು 180ಕ್ಕೆ ಇಟ್ಟು ರಾತ್ರಿ ನಾಲ್ಕು ಸಲ ಏಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಕೊನೆಗೆ ಬೇಸತ್ತು ಅಲಾರಂ ಪೂರ್ತಿ ಆರಿಸುವವರೇ ಹೆಚ್ಚು, ಆಗ ಇಳಿಕೆಯ ಅಲಾರಂ ಕೂಡ ಸಿಗದು. ರಾತ್ರಿಗೆ ಇಳಿಕೆಯ ಅಲಾರಂ ಎಂದೂ ಆರದಿರಲಿ, ಏರಿಕೆಯ ಮಿತಿಯನ್ನು ವೈದ್ಯರೊಂದಿಗೆ ಮಾತಾಡಿ ಸಡಿಲಿಸಿ. ಸೆನ್ಸರಿನ ಅಂಕಿ ನೋಡಿ ಇನ್ಸುಲಿನನ್ನು ತಾನೇ ಹೆಚ್ಚು ಕಡಿಮೆ ಮಾಡುವ ಪಂಪುಗಳು ಭಾರತದಲ್ಲೂ ಸಿಗುತ್ತಿವೆ. ಅವುಗಳ ಅತಿ ದೊಡ್ಡ ಪ್ರಯೋಜನ ಕಂಡುಬಂದಿರುವುದು ರಾತ್ರಿಯಲ್ಲೇ. ಊಟವಿಲ್ಲದ, ಓಡಾಟವಿಲ್ಲದ ಹೊತ್ತಿನಲ್ಲಿ ಯಂತ್ರದ ಲೆಕ್ಕ ತಪ್ಪುವುದು ಕಡಿಮೆ. ಸಾಮಾನ್ಯ ಸಂಬಳದ ಮನೆಗಳಿಗೆ ಅವು ಇನ್ನೂ ದೂರದ ಮಾತು, ಸೆನ್ಸರ್ ಕೂಡ ತಿಂಗಳು ಪೂರ್ತಿ ಹಾಕಿಕೊಳ್ಳಲಾಗದವರೇ ಹೆಚ್ಚು. ಅಂಥವರು ಇನ್ಸುಲಿನ್ ಬದಲಿಸಿದ ವಾರದಲ್ಲೋ ಪರೀಕ್ಷೆಯ ದಿನಗಳಲ್ಲೋ ಒಂದು ಸೆನ್ಸರ್ ಹಾಕಿಕೊಂಡರೂ ತಮ್ಮ ರಾತ್ರಿ ಹೇಗಿದೆಯೆಂದು ತಿಳಿಯುತ್ತದೆ.

ಸೆನ್ಸರ್ ಇಲ್ಲದ ಕಾಲದಲ್ಲಿ ನನ್ನ ಸೆನ್ಸರ್ ಅಮ್ಮನೇ ಆಗಿದ್ದರು. “ಪುಟ್ಟಿ, ಬೆರಳು ಕೊಡೇ” ಎಂದು ಮೂರು ಗಂಟೆಗೆ ಮೆಲ್ಲಗೆ ಕೂಗಿ, ನಾನು ಅರೆನಿದ್ದೆಯಲ್ಲಿ ಚಾಚಿದ ಕೈಯಿಂದ ರಕ್ತ ತೆಗೆದು, ಅಂಕಿ ನೋಡಿ, ಬೇಕಾದರೆ ಗ್ಲೂಕೋಸ್ ಕುಡಿಸಿ, ಬೇಡವಾದರೆ ಹೊದಿಕೆ ಸರಿಮಾಡಿ ಹೋಗುತ್ತಿದ್ದರು. ಐದೂವರೆಗೆ ಮತ್ತೆ ಎದ್ದು ಕೊಟ್ಟಿಗೆಯ ಕೆಲಸ. ಅವರಿಗೆ ರಕ್ತದೊತ್ತಡ ಶುರುವಾದಾಗ, ಸಿಡುಕು ಹೆಚ್ಚಿದಾಗ, ಅದಕ್ಕೂ ವರ್ಷಗಟ್ಟಲೆ ಮುರಿದ ಅವರ ನಿದ್ದೆಗೂ ಸಂಬಂಧವಿರಬಹುದೆಂದು ನಾವು ಯಾರೂ ಯೋಚಿಸಲಿಲ್ಲ, ಯಾವ ವೈದ್ಯರೂ ಕೇಳಲಿಲ್ಲ. ಟೈಪ್ 1 ಮಗುವಿರುವ ಮನೆಗಳಲ್ಲಿ ರಾತ್ರಿಯ ಕಾವಲು ತಾಯಿಯೊಬ್ಬಳದೇ ಆಗಿರುವುದು ಅನ್ಯಾಯ. ದಿನ ಬಿಟ್ಟು ದಿನ ತಂದೆ ಏಳಲಿ, ದೊಡ್ಡ ಅಣ್ಣನೋ ಅಕ್ಕನೋ ಇದ್ದರೆ ವಾರಕ್ಕೊಂದು ರಾತ್ರಿ ಅವರೂ ಏಳಲಿ, ಬೆರಳು ಚುಚ್ಚುವುದನ್ನು ಚಿಕ್ಕಮ್ಮ ಅತ್ತೆಯರೂ ಕಲಿಯಲಿ. ಪ್ರತಿ ರಾತ್ರಿಯೂ ಮೂರು ಗಂಟೆಯ ಪರೀಕ್ಷೆ ಬೇಕಿಲ್ಲ ಎಂಬುದನ್ನೂ ಹೇಳಬೇಕು. ಜ್ವರ ಬಂದಾಗ, ಆಟ ಹೆಚ್ಚಾದ ದಿನ, ಇನ್ಸುಲಿನ್ ಬದಲಿಸಿದ ಮೊದಲ ದಿನಗಳಲ್ಲಿ, ಮಲಗುವಾಗ ಅಂಕಿ ಕಡಿಮೆಯಿದ್ದಾಗ ತಪ್ಪದೆ ಏಳಿ. ಉಳಿದ ರಾತ್ರಿಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ ನಿರ್ಧರಿಸಿ, ನಿರ್ಧರಿಸಿದ ಮೇಲೆ ಮಲಗಿ.

ಇನ್ನು ಗೊರಕೆಯ ವಿಷಯ. ನಿದ್ದೆಯಲ್ಲಿ ಉಸಿರು ಆಗಾಗ ಕಟ್ಟುವ ಸ್ಲೀಪ್ ಅಪ್ನಿಯಾ ದಪ್ಪಗಿರುವವರಿಗೆ ಮಾತ್ರ ಬರುತ್ತದೆಂದು ನಂಬಿದವರಿದ್ದಾರೆ. ಟೈಪ್ 1 ಇರುವ ತೆಳ್ಳಗಿನ ವಯಸ್ಕರಲ್ಲೂ ಅದು ಕಂಡುಬರುತ್ತದೆ. ಗೊರಕೆ, ಹಗಲು ತೂಕಡಿಕೆ ಇದ್ದರೆ ಎಲ್ಲ ಹೊಣೆಯನ್ನೂ ಶುಗರಿಗೆ ಹೊರಿಸದೆ ತೋರಿಸಿಕೊಳ್ಳಬೇಕು.

ಪಿಯುಸಿ ಮುಗಿಸಿ ಮೊದಲ ಬಾರಿಗೆ ಮನೆ ಬಿಟ್ಟು ಹಾಸ್ಟೆಲಿಗೆ ಹೋಗುವ ಮಕ್ಕಳ ತಂದೆತಾಯಿ ನನ್ನ ಬಳಿ ಹೆಚ್ಚಾಗಿ ಕೇಳುವುದು ಊಟದ ಬಗ್ಗೆ. ಮೊದಲು ಕೇಳಬೇಕಾದದ್ದು ರಾತ್ರಿಯ ಬಗ್ಗೆ. ಒಬ್ಬರೇ ಇರುವ ಕೋಣೆ ಬೇಡ, ಜೊತೆಗಾರರು ಇರುವ ಕೋಣೆ ಕೇಳಿ. ಕಾಯಿಲೆಯನ್ನು ಮುಚ್ಚಿಡಬೇಡಿ, ಅದರಲ್ಲೂ ಹೆಣ್ಣುಮಕ್ಕಳ ಮದುವೆಯ ಯೋಚನೆಯಿಂದ ಮುಚ್ಚಿಡಬೇಡಿ, ಗುಟ್ಟು ಕಾಯುವುದಕ್ಕಿಂತ ಜೀವ ಕಾಯುವುದು ಮುಖ್ಯ. ಕೋಣೆಯ ಗೆಳತಿಗೆ ನಾಲ್ಕು ಮಾತು ಹೇಳಿಕೊಡಿ: ಎಬ್ಬಿಸಿದರೆ ಮಾತಾಡುತ್ತಾಳೆ, ನುಂಗಬಲ್ಲಳು ಎಂದಾದರೆ ಗ್ಲೂಕೋಸ್ ನೀರು ಕುಡಿಸಬೇಕು, ಎಷ್ಟು ಅಲುಗಿಸಿದರೂ ಏಳದಿದ್ದರೆ, ಇಲ್ಲವೇ ಫಿಟ್ಸ್ ಬಂದಂತೆ ಕೈಕಾಲು ಸೆಟೆಯುತ್ತಿದ್ದರೆ ಬಾಯಿಗೆ ನೀರನ್ನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ ಕೂಡಲೇ 108ಕ್ಕೆ ಕರೆ ಮಾಡಿ ಶುಗರ್ ಇಳಿದಿದೆ ಎಂದು ತಿಳಿಸಬೇಕು. ಯಕೃತ್ತಿನಿಂದ ಗ್ಲೂಕೋಸ್ ಬಿಡಿಸಿ ಇಳಿದ ಶುಗರನ್ನು ಏರಿಸುವ ಗ್ಲುಕಗಾನ್ ಚುಚ್ಚುಮದ್ದು ನಮ್ಮ ಅನೇಕ ಊರುಗಳ ಮೆಡಿಕಲ್ ಅಂಗಡಿಗಳಲ್ಲಿ ಸಿಗುವುದಿಲ್ಲ, ಸಿಕ್ಕರೆ ತಂದು ಹಾಸ್ಟೆಲಿನ ಫ್ರಿಜ್ಜಿನಲ್ಲಿಡಿಸಿ, ಕೊಡುವ ಬಗೆಯನ್ನು ವಾರ್ಡನ್‌ಗೂ ಗೆಳತಿಗೂ ವೈದ್ಯರಿಂದಲೇ ಹೇಳಿಸಿ. ರಾತ್ರಿ ಎಂಟರ ನಂತರ ಮೆಸ್ ಮುಚ್ಚಿದರೂ ಕೋಣೆಯಲ್ಲಿ ತಿನ್ನಲು ಏನಾದರೂ ಇಟ್ಟುಕೊಳ್ಳಲು, ರಾತ್ರಿಯಿಡೀ ಮೊಬೈಲ್ ಇಟ್ಟುಕೊಳ್ಳಲು, ಬೆಳಗಿನ ಹಾಜರಿಗೆ ಬಾರದಿದ್ದರೆ ಗೈರುಹಾಜರಿ ಬರೆಯುವ ಬದಲು ಯಾರಾದರೂ ಕೋಣೆಗೆ ಹೋಗಿ ಬಾಗಿಲು ತಟ್ಟಿ ನೋಡಲು, ಈ ಮೂರಕ್ಕೂ ಹಾಸ್ಟೆಲಿನ ಒಪ್ಪಿಗೆಯನ್ನು ಪ್ರವೇಶದ ದಿನವೇ ಬರಹದಲ್ಲಿ ಪಡೆದುಕೊಳ್ಳಿ.